ಮನೆ ಮತ್ತು ಇತರೆ

ವಾಷಿಂಗ್ ಮಷೀನು ತನ್ನನ್ನು ಗುರುತಿಸಲು ಒಪ್ಪುತ್ತಿಲ್ಲ ಎಂಬುದನ್ನು ಅವಮಾನ ಎಂದು ಕರೆಯಬಹುದೇ, ಕರೆದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ಯೋಚಿಸುತ್ತ ಅವನು ಭಾನುವಾರ ಬೆಳಿಗ್ಗೆ ಅದರ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿದ್ದ ಫೋನಿನಲ್ಲಿ ಬಿಳಿ ಚಕ್ರವೊಂದು ಸುತ್ತುತ್ತಿತ್ತು. ‘ಸಾಧನವನ್ನು ಹುಡುಕಲಾಗುತ್ತಿದೆ’ ಎಂದು ಬರೆದಿತ್ತು. ಸಾಧನವೋ ಅವನ ಮೂಗಿನ ಎದುರಿಗೇ ಇತ್ತು, ಹೊಸ ಮದುಮಗನ ಹಾಗೆ ಮೈತುಂಬ ಸ್ಟಿಕ್ಕರು ಅಂಟಿಸಿಕೊಂಡು, ಗಾಜಿನ ಬಾಯಿ ಮುಚ್ಚಿಕೊಂಡು. ಹೆಂಡತಿ ಅದನ್ನು ಕೊಂಡು ತಂದದ್ದೇ ಅದು ಫೋನಿಗೆ ಸುದ್ದಿ ಕಳಿಸುತ್ತದೆ ಎಂದು. ಬಟ್ಟೆ ಆಯಿತು, ಸೋಪು ಮುಗಿಯಿತು, ಬಾಗಿಲು ಸರಿಯಾಗಿ ಹಾಕಿಲ್ಲ, ಹೀಗೆ. ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಾಯಿಸುತ್ತ ನಿಂತಿದ್ದಾಗಲೂ ಮನೆಯ ಬಟ್ಟೆಯ ಯೋಗಕ್ಷೇಮ ತಿಳಿಯುತ್ತದಲ್ಲ ಎಂದು ಅವಳ ವಾದ. “ಆಯ್ತು ಅಂತ ಅದು ಕಿರುಚಿಕೊಳ್ಳೋದು ನನ್ನ ರೂಮಿಗೇ ಕೇಳ್ಸುತ್ತೆ ಕಣಮ್ಮ, ಇನ್ನು ಫೋನಲ್ಲೂ ಬಂದು ಹೇಳ್ಬೇಕಾ?” ಎಂದು ಅಕ್ಕ ಕೇಳಿದ್ದಳು. ಅಕ್ಕನ ರೂಮು ಮನೆಯ ಕೊನೆಯದು. ಅಡುಗೆಮನೆ ದಾಟಿ, ಮಷೀನು ಇಟ್ಟಿರುವ ಸಣ್ಣ ಜಾಗ ದಾಟಿ, ಆಮೇಲೆ. ಮನೆ ಕೊಂಡಾಗ ಅದನ್ನು ಸಾಮಾನಿನ ಕೋಣೆ ಎಂದು ಕಾಗದದಲ್ಲಿ ತೋರಿಸಿದ್ದರು. ಕಿಟಕಿ ಇದೆಯಲ್ಲ, ಗಾಳಿ ಬರುತ್ತೆ, ಅಡುಗೆಮನೆಗೂ ಹತ್ತಿರ ಎಂದು ಆಗ ಹೇಳಿದವನು ತಾನೇ. ಹತ್ತಿರ ಅನ್ನುವುದನ್ನು ಒಂದು ಸೌಲಭ್ಯ ಎಂಬಂತೆ ಹೇಳಿದ್ದನಲ್ಲ ಎಂದು ಈಗ, ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿರುವಾಗ, ಯಾಕೋ ನೆನಪಾಯಿತು. ನೆನಪಿಗೆ ಹೊತ್ತುಗೊತ್ತಿಲ್ಲ. ಅವನು ಚಕ್ರವನ್ನು ಮತ್ತೆ ಸುತ್ತಿಸಿದ.

ಗ್ರಾಹಕ ಸೇವೆಯ ಹುಡುಗಿ ಫೋನೆತ್ತಿದಾಗ ಅವನು ಹಾಲಿಗೆ ಬಂದು ತನ್ನ ಕುರ್ಚಿಯಲ್ಲಿ ಕೂತಿದ್ದ. ಹಾಲಿನ ಒಂದು ಮೂಲೆಯನ್ನು ಪುಸ್ತಕದ ಕಪಾಟು ಅಡ್ಡವಿಟ್ಟು ಅವನು ‘ಆಫೀಸು’ ಮಾಡಿಕೊಂಡಿದ್ದ. ವೈಫೈ ಡಬ್ಬಿ ಇದ್ದದ್ದೂ ಅಲ್ಲೇ, ಅವನ ಮೊಣಕೈಗೆ ತಾಗುವಷ್ಟು ಹತ್ತಿರ. ಅದರ ಎರಡು ಕಿವಿಗಳು ನೆಟ್ಟಗೆ ನಿಂತಿದ್ದವು. ಮನೆಯಲ್ಲಿ ಅದಕ್ಕೆ ಪಾಸ್‌ವರ್ಡು ಹಾಕುವುದು, ತೆಗೆಯುವುದು, ಕೆಟ್ಟಾಗ ಹಿಂದಿನಿಂದ ವೈರು ಕಿತ್ತು ಮತ್ತೆ ಚುಚ್ಚುವುದು ಅವನ ಖಾತೆ. ಉಳಿದ ಖಾತೆಗಳೆಲ್ಲ ಯಾವಾಗಲೋ ಕೈಬಿಟ್ಟು ಹೋಗಿದ್ದವು. ಅಡುಗೆಯದ್ದು ಅಕ್ಕನಿಗೆ, ದುಡ್ಡಿನದ್ದು ಹೆಂಡತಿಗೆ, ಟೀವಿಯದ್ದು ಮಗಳಿಗೆ. ಹುಡುಗಿ ಜೇನಿನಂಥ ದನಿಯಲ್ಲಿ, ಯಾವುದನ್ನೋ ನೋಡಿಕೊಂಡು ಓದುತ್ತಿದ್ದಳು. “ಸಾರ್, ತಮ್ಮ ಮನೆ ವೈಫೈಲಿ ಎರಡು ಬ್ಯಾಂಡ್ ಇವೆ ಸಾರ್, ಎರಡು ಪಾಯಿಂಟ್ ನಾಲ್ಕು, ಐದು ಅಂತ. ಎರಡೂ ಒಂದೇ ಹೆಸರಲ್ಲಿ ಒಟ್ಟಿಗೆ ಇರೋದ್ರಿಂದ ತಮ್ಮ ಮಷೀನಿಗೆ ಗೊಂದಲ ಆಗ್ತಿದೆ ಸಾರ್. ಅದಕ್ಕೆ ಬರೋದು ಎರಡು ಪಾಯಿಂಟ್ ನಾಲ್ಕು ಮಾತ್ರ. ತಾವು ಬೇರೆ ಮಾಡ್ಬೇಕಾಗುತ್ತೆ.”

“ಬೇರೆ ಅಂದ್ರೆ?”

“ಬೇರೆ ಬೇರೆ ಹೆಸರು ಕೊಡ್ಬೇಕು ಸಾರ್. ಐದರದ್ದು ವೇಗ ಜಾಸ್ತಿ. ಆದ್ರೆ ಗೋಡೆ ದಾಟೋದು ಕಷ್ಟ. ಎರಡು ಪಾಯಿಂಟ್ ನಾಲ್ಕು ನಿಧಾನ ಸಾರ್, ಆದ್ರೆ ಎಷ್ಟು ಗೋಡೆ ಇದ್ರೂ ದಾಟಿ ಹೋಗುತ್ತೆ. ಹಳೇ ಫೋನು, ಮಷೀನು, ಇಂಥವನ್ನೆಲ್ಲ ಅದಕ್ಕೆ ಹಾಕ್ಬಹುದು. ಇನ್ನೇನಾದರೂ ಸೇವೆ ಬೇಕಿತ್ತಾ ಸಾರ್?”

ವೇಗ ಜಾಸ್ತಿ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ಬೀಳಲಿಲ್ಲ. ಇಷ್ಟು ದಿನ ತನ್ನ ಮನೆಯೊಳಗೇ ಒಂದು ವೇಗದ ದಾರಿ ಇತ್ತು, ಅದರಲ್ಲಿ ತನ್ನನ್ನೂ ಮಷೀನಿನಂಥವರನ್ನೂ ಒಟ್ಟಿಗೆ ನೂಕಾಡಿಸುತ್ತಿದ್ದರು ಎಂದು ತಿಳಿದಾಗ ಅವನಿಗೆ ಒಳಗೊಳಗೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಆ ಸಿಟ್ಟು ಬಲು ಹಿತವಾಗಿತ್ತು. ಲ್ಯಾಪ್‌ಟಾಪಿನಲ್ಲಿ ಡಬ್ಬಿಯ ಪುಟ ತೆರೆದು, ಎರಡನ್ನೂ ಒಟ್ಟಿಗೆ ಇಡುವ ಗುಂಡಿಯನ್ನು ಹುಡುಕಿ ಆರಿಸಿದ. ಒಂದಾಗಿದ್ದದ್ದು ಸದ್ದಿಲ್ಲದೆ ಎರಡಾಯಿತು. ಒಂದರ ಕೆಳಗೊಂದು ಎರಡು ಖಾಲಿ ಚೌಕಗಳು ಬಂದವು. ಎರಡರಲ್ಲೂ ಗೆರೆಯೊಂದು ಮಿಟುಕುತ್ತ ಹೆಸರು ಕೇಳುತ್ತಿತ್ತು.

ಮೇಲಿನದಕ್ಕೆ, ಆ ವೇಗದ್ದಕ್ಕೆ, ‘ಮನೆ’ ಎಂದು ಬರೆದ. ಅದಕ್ಕೆ ಯೋಚನೆ ಬೇಕಾಗಲಿಲ್ಲ. ಕೆಳಗಿನದಕ್ಕೂ ಬೇಕಾಗಲಿಲ್ಲ ಎಂಬುದೇ ಆಮೇಲೆ ಅವನನ್ನು ಕಾಡಿದ್ದು. ನೀರು ಸರಬರಾಜು ಕಚೇರಿಯಲ್ಲಿ ಅವನು ದೂರು ವಿಂಗಡಣೆಯ ಅಧಿಕಾರಿ. ಊರಿನವರ ದೂರೆಲ್ಲ ಮೊದಲು ಅವನ ಮೇಜಿಗೆ. ಓದಿ, ಇದು ಸೋರಿಕೆ, ಇದು ಒತ್ತಡ, ಇದು ಬಣ್ಣ ಮತ್ತು ವಾಸನೆ, ಇದು ಬಿಲ್ಲು ಎಂದು ಆಯಾ ವಿಭಾಗಕ್ಕೆ ತಳ್ಳಬೇಕು. ಯಾವುದಕ್ಕೂ ಸೇರದ್ದು ಇತರೆ. ಪಕ್ಕದ ಮನೆಯ ನಲ್ಲಿಯ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಒಬ್ಬಾಕೆ ಬರೆಯುತ್ತಿದ್ದಳು. ಇತರೆ. ನೀರು ಬಂದಾಗ ತಿಳಿಸಲು ಯಾರೂ ಇಲ್ಲ, ನನಗೆ ಕಿವಿ ಕೇಳುವುದಿಲ್ಲ ಎಂದು ಒಬ್ಬ ಮುದುಕ. ಇತರೆ. ಇತರೆಗೆ ಒಂದು ವಿಭಾಗವಿಲ್ಲ, ಒಬ್ಬ ಗುಮಾಸ್ತನಿಲ್ಲ, ಅದನ್ನು ಯಾರೂ ಓದುವುದಿಲ್ಲ ಎಂಬುದು ಇಡೀ ಕಚೇರಿಯಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಹೋದದ್ದು ಹೋಯಿತು. ಆದರೂ ಅವನ ಬೆರಳು ಕೆಳಗಿನ ಚೌಕದಲ್ಲಿ ತಾನಾಗಿ ‘ಇತರೆ’ ಎಂದು ಬರೆಯಿತು, ಬರೆಯುವಾಗ ಕಚೇರಿಯಲ್ಲಿ ಕಡತ ಮುಚ್ಚಿದಾಗ ಆಗುವಂಥ ಸಣ್ಣ ನೆಮ್ಮದಿಯೂ ಆಯಿತು. ಮಷೀನು ಥಟ್ಟನೆ ಅವನನ್ನು ಗುರುತಿಸಿತು. ಒಂದು ಹಾಡನ್ನೂ ಹಾಡಿತು.

“ನೆಟ್ ಎಲ್ಲೋ ಹೋಯ್ತಲ್ಲೋ!” ಅಕ್ಕ ಬಂದಳು. ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಫೋನನ್ನು ಕಾಯಿಲೆಯ ಮಗುವನ್ನು ವೈದ್ಯರಿಗೆ ತೋರಿಸುವಂತೆ ಮುಂದೆ ಚಾಚಿದಳು. ಅದೊಂದು ಹಳೆಯ ಫೋನು, ಮಗಳು ಬಳಸಿ ಬಿಟ್ಟದ್ದು, ಗಾಜಿನ ಮೂಲೆಯಲ್ಲಿ ಬಿರುಕು. ಅದಕ್ಕೆ ‘ಮನೆ’ ಕಾಣಿಸುತ್ತಲೇ ಇರಲಿಲ್ಲ. ಇದರಲ್ಲಿ ತನ್ನ ತಪ್ಪೇನು? ಫೋನಿನ ಹಣೆಬರಹ. ಅವಳ ಕಣ್ಣೆದುರಿಗೇ ಪಾಸ್‌ವರ್ಡು ಒತ್ತಿದ, ಅವಳು ಅದನ್ನು ಮೆಲ್ಲಗೆ ಬಾಯಲ್ಲೇ ಹೇಳಿಕೊಂಡಳು. ಫೋನು ವಾಪಸು ಕೊಟ್ಟಾಗ ಕೊರಳಿಗೆ ತೂಗುಬಿಟ್ಟಿದ್ದ ಕನ್ನಡಕವನ್ನು ಮೂಗಿಗೇರಿಸಿ ಓದಿದಳು.

“ಇತರೆ ಅಂತಿದೆ.”

“ಹೂಂ. ಅದೇ. ಅದು ಒಂದು ಟೆಕ್ನಿಕಲ್ ಪದ ಅಕ್ಕ.”

“ಮೇಲ್ಗಡೆ ಮನೆ ಅಂತ ಇರೋದು?”

“ನಿನ್ನ ಫೋನಲ್ಲಿ ಅದು ಕಾಣಲ್ಲ.”

“ಕಾಣ್ತಿಲ್ಲ ನಂಗೆ. ನಿನ್ನ ಕಂಪ್ಯೂಟರಲ್ಲಿ ಕಾಣ್ತಿದೆ ಅದಕ್ಕೇ ಕೇಳ್ದೆ.” ಅವಳು ಕನ್ನಡಕ ಇಳಿಸಿದಳು. “ಮತ್ತೆ ಈ ಇತರೆನಲ್ಲಿ ಇನ್ಯಾರ್ಯಾರಿದ್ದಾರೆ?”

“ಯಾರಿಲ್ಲ. ಮಷೀನಿದೆ.”

“ಓ,” ಅಂದಳು ಅಕ್ಕ. ಅಷ್ಟೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ನೌಕರಿಯ ಕಾಲ ಕಳೆದವಳು ಅವಳು. ಕಿವಿಗೆ ಹೆಡ್‌ಸೆಟ್ಟು ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚುತ್ತ ಕೀಳುತ್ತ ಕೂತಿದ್ದಾಗ ಊರವರ ಹೆರಿಗೆ ಸಾವು ಮದುವೆ ಜಗಳಗಳೆಲ್ಲ ಅವಳ ಕಿವಿಯ ಪಕ್ಕದಿಂದಲೇ ಹಾದು ಹೋಗಿದ್ದವು. ಆ ಕೆಲಸದವರಿಗೆ ‘ಓ’ ಅನ್ನುವುದು ಮಾತಲ್ಲ, ಈ ತುದಿಯಲ್ಲಿ ಜನ ಇದ್ದಾರೆ ಎಂಬುದರ ಗುರುತು ಅಷ್ಟೇ ಎಂದು ಅವಳೇ ಒಮ್ಮೆ ಹೇಳಿದ್ದಳು. ಆಗ ಅವನು ತಾಯಿಯಿಲ್ಲದ ಹುಡುಗ. ಶಾಲೆಗೆ ರಜೆ ಇದ್ದ ದಿನ ಮನೆಯಲ್ಲಿ ಬಿಡಲಾರದೆ ಅವನನ್ನೂ ಎಕ್ಸ್‌ಚೇಂಜಿಗೆ ಕರೆದುಕೊಂಡು ಹೋಗುತ್ತಿದ್ದಳು. ಸೂಪರ್‌ವೈಸರಮ್ಮನ ಕಣ್ಣಿಗೆ ಬೀಳದ ಹಾಗೆ ಬೋರ್ಡಿನ ಕೆಳಗೆ, ಅವಳ ಕಾಲಿನ ಹತ್ತಿರ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದ. “ಕಪ್ಪೆ,” ಎಂದು ಅವಳು ಮೇಲಿನಿಂದ ಪಿಸುಗುಟ್ಟುತ್ತಿದ್ದಳು, “ಇದ್ದೀಯೇನೋ?” ಅವನು ಅವಳ ಚಪ್ಪಲಿಯನ್ನು ಬೆರಳಿನಿಂದ ತಟ್ಟಿ ಇದ್ದೀನಿ ಅನ್ನುತ್ತಿದ್ದ. ತನ್ನ ಮದುವೆ ಗೊತ್ತಾದ ಮೇಲೆ ಇನ್ನು ಮುಂದೆ ಹಾಗೆ ಕರೆಯಬೇಡ ಎಂದು ಹೇಳಿದ್ದ. ಅವಳು ಆಗಲೂ ‘ಓ’ ಅಂದಿದ್ದಳು, ಆಮೇಲೆ ಕರೆಯಲಿಲ್ಲ.

ಮಷೀನು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಎಸೆಯಲು ಕೆಳಗೆ ಇಳಿದಾಗ ಕೆಳಮನೆಯ ದಂತವೈದ್ಯರು ಮೆಟ್ಟಿಲಲ್ಲಿ ಸಿಕ್ಕರು. ಯಾರೇ ಬಾಯಿ ತೆರೆದರೂ ಒಳಗೆ ಇಣುಕಿ ನೋಡುವ ಅಭ್ಯಾಸ ಅವರಿಗೆ. “ಏನ್ ಸಾರ್, ನಿಮ್ಮನೆ ಎರಡಾಯ್ತಂತೆ?” ಅಂದರು. ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. “ಯಾರು ಹೇಳಿದ್ದು?” “ಯಾರು ಹೇಳ್ಬೇಕು, ನಿಮ್ಮ ಹಳೇ ಹೆಸರು ಹೋಗಿ ನನ್ನ ಫೋನಲ್ಲೇ ಎರಡು ಬಂತಲ್ಲ. ಮನೆ ಅಂತೊಂದು, ಇತರೆ ಅಂತೊಂದು. ಮನೆ ಅಂದ್ರೆ ನೀವು. ಇತರೆ ಅಂದ್ರೆ ಯಾರು, ನಾವಾ?” ವೈದ್ಯರು ತಮ್ಮ ಮಾತಿಗೆ ತಾವೇ ಮೆಚ್ಚಿ ನಕ್ಕರು. ಅವನೂ ಜೊತೆಯಲ್ಲಿ ನಕ್ಕ, ನಗುವಾಗ ಅವರು ಅವನ ಹಿಂದಿನ ಹಲ್ಲೊಂದನ್ನು ಗಮನಿಸುತ್ತಿರುವುದು ತಿಳಿದು ಬಾಯಿ ಮುಚ್ಚಿದ. ಗೋಡೆ ದಾಟಿ, ನೆಲ ದಾಟಿ, ಇಡೀ ಕಟ್ಟಡಕ್ಕೆ ತನ್ನ ವಿಂಗಡಣೆ ಗೊತ್ತಾಗಿದೆ. ಬಾಗಿಲಿಗೆ ಬೋರ್ಡು ಹಾಕಿಸಿದಂತೆಯೇ ಆಯಿತಲ್ಲ. ಪೆಟ್ಟಿಗೆಯನ್ನು ಚಪ್ಪಟೆ ಮಾಡಲು ಅದರ ಮೇಲೆ ಹತ್ತಿ ನಿಂತು ತುಳಿದ. ಅದು ಚಪ್ಪಟೆಯಾಗಲಿಲ್ಲ, ಒಂದು ಮೂಲೆ ಒಳಗೆ ಹೋದರೆ ಇನ್ನೊಂದು ಹೊರಗೆ ಬಂತು. ಬಂದು ಹೆಸರು ಬದಲಾಯಿಸಿಬಿಡೋಣ ಎಂದುಕೊಂಡು ಮೇಲೆ ಹತ್ತಿದವನು ಬದಲಾಯಿಸಲಿಲ್ಲ. ಬದಲಾಯಿಸಿದರೆ ಮೊದಲು ಬರೆದದ್ದು ತಪ್ಪು ಎಂದು ಒಪ್ಪಿಕೊಂಡಂತೆ. ಅಕ್ಕ ಮರೆತಿರುತ್ತಾಳೆ, ಈಗ ನೆನಪಿಸಿದಂತೆ ಆಗುತ್ತದೆ. ಕಚೇರಿಯಲ್ಲೂ ಅಷ್ಟೆ. ಒಮ್ಮೆ ಇತರೆಗೆ ಹೋದದ್ದನ್ನು ವಾಪಸು ತರಿಸುವುದಕ್ಕೆ ಮೂರು ಜನರ ಸಹಿ ಬೇಕು, ಯಾರೂ ತರಿಸಿದ್ದಿಲ್ಲ.

ಊಟಕ್ಕೆ ಕೂತಾಗ ಅಕ್ಕ ಮರೆತಿಲ್ಲ ಎಂಬುದು ಸ್ಪಷ್ಟವಾಯಿತು. ಹೆಂಡತಿ, “ಅತ್ತಿಗೆ, ನೀವೂ ಕೂತ್ಕೊಳ್ಳಿ, ಸಾಕು ಬಡಿಸಿದ್ದು,” ಎಂದದ್ದಕ್ಕೆ, “ಮನೆಯವರದ್ದು ಮೊದಲು ಆಗ್ಲಮ್ಮ. ಇತರೆಯವರು ಆಮೇಲೆ ಕೂತ್ಕೊಳ್ತೀವಿ, ನಾನೂ ಮಷೀನೂ,” ಅಂದಳು. ಮಗಳು ಕಿಸಕ್ಕೆಂದು ನಕ್ಕಳು. “ಅದ್ಯಾಕತ್ತೆ ಇತರೆ ಅಂತ?” “ನಿಮ್ಮಪ್ಪನ್ನ ಕೇಳು. ಟೆಕ್ನಿಕಲ್ ಪದ.” ಅಕ್ಕನ ಮುಖದಲ್ಲಿ ಸಿಟ್ಟಿನ ಗೆರೆಯೂ ಇರಲಿಲ್ಲ. ಅದೇ ಅವಳ ದೊಡ್ಡ ಕ್ರೌರ್ಯ ಎಂದು ಅವನಿಗೆ ಎಂದಿನಿಂದಲೂ ಅನ್ನಿಸಿತ್ತು. ಅವಳು ಬೈದಿದ್ದರೆ ತಾನೂ ತಿರುಗಿ ಬೈಯಬಹುದಿತ್ತು, ಆಮೇಲೆ ಇಬ್ಬರೂ ಮಾತು ಬಿಟ್ಟು ಒಂದೆರಡು ದಿನ ಸುಖವಾಗಿರಬಹುದಿತ್ತು. ಮದುವೆಯ ದಿನ ಫೋಟೋದವನು “ಮನೆಯವರು ಮಾತ್ರ ನಿಂತ್ಕೊಳ್ಳಿ, ಉಳಿದವರು ಸ್ವಲ್ಪ ಸರ್ಕೊಳ್ಳಿ,” ಎಂದು ಕೈಬೀಸಿದಾಗಲೂ ಹಾಗೆಯೇ ಆದದ್ದು. ಹೆಣ್ಣಿನ ಕಡೆಯವರ ಮೂರು ಸಾಲು ಜನ ಒತ್ತಿಕೊಂಡು ನಿಂತಿದ್ದರು. ಅಕ್ಕ ಅವನ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಫೋಟೋದವನು ಕೈ ಬೀಸಿದ ಕಡೆಗೆ ನಗುತ್ತಲೇ ಸರಿದಳು. ಅಕ್ಕ, ಬಾ ಇಲ್ಲಿ ಎನ್ನಲು ಅವನು ಬಾಯಿ ತೆರೆದಿದ್ದ, ನಿಜ. ಫೋಟೋದಲ್ಲಿ ಅವನ ಬಾಯಿ ಇವತ್ತಿಗೂ ಅರ್ಧ ತೆರೆದೇ ಇದೆ. ಎಡಗಡೆಯ ಅಂಚಿನಲ್ಲಿ ಒಂದು ಮೊಣಕೈ. ಅದು ಯಾರದ್ದು ಎಂದು ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

ಮಧ್ಯಾಹ್ನ ಅವನು ‘ಆಫೀಸಿ’ನಲ್ಲಿ ಕೂತು ತನ್ನ ವೇಗವನ್ನು ಅನುಭವಿಸಲು ನೋಡಿದ. ಎಲ್ಲವೂ ಒತ್ತಿದ ಕೂಡಲೇ ತೆರೆಯುತ್ತಿತ್ತು. ತೆರೆದದ್ದನ್ನು ಏನು ಮಾಡಬೇಕೆಂದು ತಿಳಿಯದೆ ಮುಚ್ಚಿದ. ಹವಾಮಾನ ನೋಡಿದ. ಅದು ಕಿಟಕಿಯಾಚೆ ಕಾಣುತ್ತಿದ್ದಂತೆಯೇ ಇತ್ತು. ಆಗ ಮನೆಯ ಆ ತುದಿಯಿಂದ ಅಕ್ಕನ ದನಿ ಕೇಳಿತು. ಅವಳಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಊರಿಂದೂರಿಗೆ ದನಿ ಮುಟ್ಟಿಸುವ ಕೆಲಸ ಮಾಡಿದವಳು, ಯಂತ್ರವನ್ನು ಅಷ್ಟಾಗಿ ನಂಬುವುದಿಲ್ಲ. ಆ ರೂಮಿನಲ್ಲಿ ಮೊಬೈಲಿನ ಸಿಗ್ನಲ್ಲು ಬಾರದ್ದರಿಂದ ಅವಳ ಮಾತೆಲ್ಲ ವೈಫೈ ಮೇಲೆಯೇ. ಆ ಕಡೆ ಇದ್ದವಳು ಟ್ರಂಕಮ್ಮ. ಅಕ್ಕನ ಜೊತೆ ಪಕ್ಕದ ಸ್ಟೂಲಿನಲ್ಲಿ ಕೂತು ದೂರದೂರಿನ ಟ್ರಂಕ್ ಕಾಲ್‌ಗಳನ್ನು ಜೋಡಿಸುತ್ತಿದ್ದವಳು, ಆ ಹೆಸರೇ ನಿಂತಿತ್ತು. ಈಗ ಬೇರೆ ಊರಲ್ಲಿ ಒಬ್ಬಳೇ ಇದ್ದಾಳೆ. ಬಂದುಬಿಡೇ, ಒಂದು ರೂಮು ಸುಮ್ಮನೆ ಖಾಲಿ ಬಿದ್ದಿದೆ, ಇಬ್ಬರೂ ಹರಟೆ ಹೊಡ್ಕೊಂಡು ಇರೋಣ ಎಂದು ವರ್ಷಗಳಿಂದ ಕರೆಯುತ್ತಿದ್ದಾಳೆ. ನನ್ನ ತಮ್ಮ ಬಿಡಬೇಕಲ್ಲೇ ಎಂದು ಅಕ್ಕ ಪ್ರತಿ ಸಲವೂ ಹೇಳಿ ನಗುತ್ತಿದ್ದಳು. ಆ ಮಾತನ್ನು ಕೇಳಿಸಿಕೊಂಡಾಗಲೆಲ್ಲ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

“ಅಲ್ವೇ, ಆ ರೂಮು ಇನ್ನೂ ಖಾಲಿ ಇದೆಯೇನೇ?” ಅಂದಳು ಅಕ್ಕ, ಅಡುಗೆಮನೆಯ ಗೋಡೆಯನ್ನೂ ಪುಸ್ತಕದ ಕಪಾಟನ್ನೂ ದಾಟಿ ಕೇಳುವಂತೆ.

ಅವನ ಕೈ ಕೀಲಿಮಣೆಯ ಮೇಲೆ ನಿಂತಿತು. ಆ ತುದಿಯ ಮಾತು ಕೇಳುತ್ತಿರಲಿಲ್ಲ. ಅಕ್ಕ ‘ಹೂಂ, ಹೂಂ’ ಅನ್ನುತ್ತಿದ್ದಳು. “ಕಿಟಕಿ ಯಾವ ಕಡೆಗಿದೆ? ... ಬೆಳಕು ಬರುತ್ತಾ? ... ಏನೂ ಆಗಿಲ್ವೇ, ಯಾರೂ ಏನೂ ಅಂದಿಲ್ಲ. ಅನ್ನೋರು ಯಾರಿದ್ದಾರೆ ಪಾಪ. ... ನಿಂಗ್ ಒಂದ್ ಮಾತು ಹೇಳ್ಬೇಕು ಅಂತಾನೇ ಮಾಡ್ದೆ, ನೋಡು, ನಾನು—”

ಅಕ್ಕನಿಲ್ಲದ ಮನೆಯನ್ನು ಅವನು ಹಿಂದೆ ಎಂದೂ ಯೋಚಿಸಿರಲಿಲ್ಲ. ಈಗ ಅದು ಒಂದೇ ಏಟಿಗೆ, ಆ ದರಿದ್ರ ವೇಗದಲ್ಲಿ, ಪೂರ್ತಿ ತೆರೆದುಕೊಂಡಿತು. ಕೊನೆಯ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಮಷೀನು ಆಯಿತು ಎಂದು ಕಿರುಚಿಕೊಂಡಾಗ “ಬಂದೆ ತಾಳೇ ತಾಯಿ” ಅನ್ನಲು ಯಾರೂ ಇಲ್ಲ. ಯಾರಾದರೂ ಕೇಳಿದರೆ, ಅಕ್ಕ ಯಾಕೆ ಹೋದರು ಎಂದರೆ, ಏನು ಹೇಳುವುದು? ದಂತವೈದ್ಯರೇ ಕೇಳುತ್ತಾರೆ, ಮೆಟ್ಟಿಲಲ್ಲಿ ನಿಂತು. ಹೋಗಿ ಬಾಗಿಲು ತಟ್ಟಿ, ಅಕ್ಕ ಬೇಡ ಎನ್ನಬೇಕು. ಎದ್ದು ನಿಲ್ಲಬೇಕು ಮೊದಲು. ಅವನು ಎದ್ದು ನಿಲ್ಲಲಿಲ್ಲ. ಡಬ್ಬಿಯ ಪುಟ ಬೆಳಿಗ್ಗೆಯಿಂದ ತೆರೆದೇ ಇತ್ತು. ‘ಇತರೆ’ ಎಂಬುದರ ಪಕ್ಕದಲ್ಲಿ ಒಂದು ಹಸಿರು ಗುಂಡಿ. ಕಚೇರಿಯಲ್ಲಿ ಹಾಗೆ ಒಂದು ಗುಂಡಿ ಇದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಅವನ ಬೆರಳು, ಹೆಸರು ಬರೆದ ಅದೇ ಬೆರಳು, ಅವನನ್ನು ಕೇಳದೆ ಅದನ್ನು ಒತ್ತಿತು. ಹಸಿರು ಬೂದಿಬಣ್ಣಕ್ಕೆ ತಿರುಗಿತು. ಡಬ್ಬಿಯ ಒಂದು ದೀಪ ಆರಿತು.

“ಹಲೋ?” ಅಂದಳು ಅಕ್ಕ. “ಹಲೋ? ... ಹಲೋ?” ಮೂರನೆಯದು ಅಕ್ಕನ ದನಿಯಾಗಿರಲಿಲ್ಲ. ಬೋರ್ಡಿನ ಮುಂದಿನ ದನಿ ಅದು, ಯಾವ ಊರಿಗೂ ಸೇರದ್ದು.

ಅವನು ಉಸಿರು ಬಿಡುವುದರೊಳಗೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ! ನೆಟ್ ಹೋಯ್ತು!”

“ಅಪ್ಪಾ! ನನ್ನ ಡ್ರಾಯಿಂಗ್ ಅಪ್‌ಲೋಡ್ ಆಗ್ತಿತ್ತು! ಮುಕ್ಕಾಲು ಆಗಿತ್ತು!” ಒಳಕೋಣೆಯಿಂದ ಮಗಳು. ಮನೆಗಳ ನಕ್ಷೆ ಬರೆಯುವ ವಿದ್ಯೆ ಕಲಿಯುತ್ತಿದ್ದವಳು.

ಅವನ ಫೋನು ಟಿಣ್ ಅಂದಿತು. ವಾಷಿಂಗ್ ಮಷೀನು ಸಂಪರ್ಕದಲ್ಲಿಲ್ಲ ಎಂದು ವಿಷಾದ ಸೂಚಿಸಿತ್ತು. ಅವನ ಫೋನಿನಲ್ಲೋ, ‘ಮನೆ’ಯ ಗೆರೆಗಳು ಮೂರೂ ತುಂಬಿ ನಿಂತಿದ್ದವು. ಸುಂಯ್ ಅನ್ನುವ ವೇಗ. ಇವರಿಗೆ ಯಾಕೆ ಹೋಯಿತು? ಹೆಂಡತಿಯ ಫೋನನ್ನು, ಮಗಳ ಕಂಪ್ಯೂಟರನ್ನು ತಾನೇ ಕೈಯಾರೆ ‘ಮನೆ’ಗೆ ಹಾಕಿದ್ದನಲ್ಲ? ಇಬ್ಬರೂ ಹಾಲಿಗೆ ಬಂದು ಕಪಾಟಿನ ಆಚೆ ನಿಂತರು, ಹೆಂಡತಿಯ ಕೈಯಲ್ಲಿ ಸೌಟಿತ್ತು.

“ನಿಮ್ಮದು ಮನೆಯಲ್ಲವಾ?” ಎಂದು ಕೇಳಿದ. ಕೇಳುವಾಗಲೇ ವಾಕ್ಯ ಬೇರೆಯಾಗಿ ಕೇಳಿಸಿತು.

“ನಿಮ್ಮ ಮನೆ ಅಡುಗೆಮನೆವರ್ಗೂ ಬರಲ್ಲ ಕಣ್ರೀ,” ಅಂದಳು ಹೆಂಡತಿ. “ಆ ಗೋಡೆ ಹತ್ರಾನೇ ಸತ್ತುಹೋಗುತ್ತೆ. ಅತ್ತಿಗೆ ಹತ್ರ ಪಾಸ್‌ವರ್ಡ್ ಇಸ್ಕೊಂಡು ಆವಾಗ್ಲೇ ಆ ಕಡೆ ಹೋದೆ.”

“ನಾನಂತೂ ಬೆಳಿಗ್ಗೇನೇ ಹೋದೆ,” ಅಂದಳು ಮಗಳು. “ಸ್ವಲ್ಪ ನಿಧಾನ, ಆದ್ರೆ ಎಲ್ಲಿ ಹೋದ್ರೂ ಇರುತ್ತೆ. ಸ್ನಾನದ ಮನೇಲೂ ಬರುತ್ತೆ ಗೊತ್ತಾ? ಈಗ ಯಾಕೆ ಹೋಯ್ತು?”

“ಕಂಪನಿಯವರದ್ದು. ಅವರ ಕಡೆಯಿಂದಾನೇ ಏನೋ...”

“ನಿನ್ನದು ಫುಲ್ ಇದೆಯಲ್ಲಪ್ಪ,” ಎಂದು ಮಗಳು ಅವನ ಫೋನಿನೊಳಗೆ ಬಗ್ಗಿ ನೋಡಿದಳು.

ಅಷ್ಟರಲ್ಲಿ ಅಕ್ಕ ಬಂದಿದ್ದಳು. ಗೋಡೆಗೆ ಒಂದು ಕೈ ಊರಿ ನಿಂತಿದ್ದಳು, ಫೋನನ್ನು ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. ಅವನ ಮುಖ ನೋಡಲಿಲ್ಲ. ಡಬ್ಬಿಯ ಆರಿದ ದೀಪವನ್ನು ನೋಡುತ್ತಿದ್ದಳು.

“ಲೈನ್ ಬೀಳೋದು ಬೇರೆ, ಲೈನ್ ಕೀಳೋದು ಬೇರೆ,” ಅಂದಳು, ಮಗಳಿಗೆ ಹೇಳುವವಳಂತೆ. “ಬಿದ್ರೆ ಗರಗರ ಅನ್ನುತ್ತೆ, ಮಾತು ತುಂಡುತುಂಡಾಗುತ್ತೆ, ಹೋಗ್ತಾ ಇದೆ ಅಂತ ಮೊದ್ಲೇ ತಿಳಿಯುತ್ತೆ. ಮನುಷ್ಯ ಸಾಯೋ ಹಾಗೆ. ಯಾರಾದ್ರೂ ಕಿತ್ರೆ ಹಾಗಲ್ಲಮ್ಮ. ಒಂದ್ ಸಲಕ್ಕೆ ಬಾವಿ, ಒಂದು ಸದ್ದೂ ಇರಲ್ಲ. ನಂಗೆ ನಿದ್ದೆಗಣ್ಣಲ್ಲೂ ಗೊತ್ತಾಗ್ತಿತ್ತು ಅದು. ಸೂಪರ್‌ವೈಸರಮ್ಮ ಹಾಗೇ ಕೀಳ್ತಿದ್ಲು, ಯಾರಾದ್ರೂ ಜಾಸ್ತಿ ಅತ್ರೆ.”

ಹೆಂಡತಿ ಅವನನ್ನು ನೋಡಿದಳು. ಅಂಗಡಿಯಲ್ಲಿ ಕೆಳಗಿನ ಸಾಲು ಓದಿ ಎಂದಾಗ ಓದಲಾರದೆ ಊಹಿಸಿ ಹೇಳುವ ಗಿರಾಕಿಗಳನ್ನು ನೋಡುವ ಹಾಗೆ ನೋಡಿದಳು. “ನಿಮ್ಗೆ ದೂರದ್ದೂ ಕಾಣಲ್ಲ, ಹತ್ತಿರದ್ದೂ ಕಾಣಲ್ಲ,” ಅಂದಳು. “ಇಂಥದ್ದಕ್ಕೆ ಗಾಜು ಬಂದಿಲ್ಲ ಇನ್ನೂ.” ಸೌಟು ಬೀಸಿಕೊಂಡು ಒಳಗೆ ಹೋದಳು. ಅವನು ಗುಂಡಿಯನ್ನು ಮತ್ತೆ ಹಸಿರು ಮಾಡಿದ. ಎಲ್ಲರೆದುರು, ಏನನ್ನೂ ಮುಚ್ಚಿಡದೆ, ಕಳ್ಳ ತಾನೇ ಬೀಗ ತೆಗೆದು ತೋರಿಸಿದ ಹಾಗೆ. ದೀಪ ಹತ್ತಿತು. ಮಗಳ ಫೋನು ಅಲ್ಲೇ ಗುಟುರು ಹಾಕಿತು, ಅಕ್ಕನದ್ದು ಒಂದು ಕ್ಷಣ ತಡವಾಗಿ. ಅಕ್ಕ ತಿರುಗಿ ನಡೆದಳು. ಅವಳ ಚಪ್ಪಲಿಯ ಸದ್ದು ಅಡುಗೆಮನೆ ದಾಟಿ, ಮಷೀನು ದಾಟಿ ಹೋಯಿತು. ಅಷ್ಟು ಉದ್ದವಿದೆಯೇ ಈ ಮನೆ ಎಂದು ಅವನಿಗೆ ಅನ್ನಿಸಿತು.

ಮಗಳು ಮಾತ್ರ ಉಳಿದಿದ್ದಳು. ಲ್ಯಾಪ್‌ಟಾಪಿನ ಪುಟವನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತ, ಬೇಸರವಿಲ್ಲದೆ, ಕರುಣೆಯೂ ಇಲ್ಲದೆ, “ಈ ಮನೆ ಅನ್ನೋದನ್ನ ಆಫ್ ಮಾಡಿಬಿಡ್ಲಾ ಅಪ್ಪ?” ಎಂದು ಕೇಳಿದಳು. “ಸುಮ್ನೆ ವೇಸ್ಟು. ಯಾರೂ ಇಲ್ಲ ಅದ್ರಲ್ಲಿ.”

“ನಾನಿದ್ದೀನಲ್ಲ.”

“ಅದೇ,” ಅಂದಳು ಮಗಳು. ಅವನು ಬೇಡ ಅನ್ನಲಿಲ್ಲ. ಅವಳು ಆರಿಸಿ ತನ್ನ ಕೋಣೆಗೆ ಹೋದಳು. ಕೈಯಲ್ಲಿದ್ದ ಫೋನಿನ ಮೂರು ಗೆರೆಗಳೂ ಒಂದೊಂದಾಗಿ ಅಲ್ಲ, ಒಟ್ಟಿಗೆ ಹೋದವು. ಅಕ್ಕ ಹೇಳಿದ್ದು ನಿಜ, ಬಾವಿಯ ಹಾಗೆಯೇ. ಪಾಸ್‌ವರ್ಡು ಅವನದ್ದೇ. ಕೂತಲ್ಲೇ ಎರಡು ಸಲ ಒತ್ತಿದರೆ ತಾನೂ ಆ ಕಡೆ ಸೇರಬಹುದಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ‘ಇತರೆ’ ಎಂಬ ಅಕ್ಷರದ ಮೇಲೆ ಬೆರಳಿಟ್ಟು ನೋಡಿದ, ತೆಗೆದ. ಕಚೇರಿಯ ಆ ಕಡತದಲ್ಲಿ ಏನೇನಿತ್ತೋ. ನಲ್ಲಿಯ ಸದ್ದಿನ ಹೆಂಗಸಿಗೆ ಈಗ ನಿದ್ದೆ ಬರುತ್ತದೋ ಇಲ್ಲವೋ. ಮುದುಕನ ಪತ್ರ ಸಣ್ಣ ಅಕ್ಷರದಲ್ಲಿತ್ತು, ದಯವಿಟ್ಟು ಬಾಗಿಲು ತಟ್ಟಬೇಡಿ, ಒಳಗೆ ಬನ್ನಿ, ತಟ್ಟಿದರೆ ನನಗೆ ಕೇಳುವುದಿಲ್ಲ ಎಂದು ಕೊನೆಯಲ್ಲಿತ್ತು, ಅಷ್ಟನ್ನು ಓದಿದ ನೆನಪಿದೆ ಅವನಿಗೆ. ಓದಿಯೇ ತಳ್ಳಿದ್ದು. ಎದ್ದ.

ಅಕ್ಕನ ಬಾಗಿಲು ಸುಮ್ಮನೆ ಒರಗಿಸಿತ್ತು. ಅವನು ತಟ್ಟದೆ ತಳ್ಳಿದ. ಮಂಚದ ಅಂಚಿನಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಅವನದ್ದೇ ಅಂಗಿ. ಕಾಲರನ್ನು ತಿರುವಿ, ಎರಡು ತೋಳನ್ನೂ ಹಿಂದಕ್ಕೆ ಕಟ್ಟಿ, ತಪ್ಪಿತಸ್ಥನನ್ನು ನಿಲ್ಲಿಸಿದಂತೆ ಮಡಚಿಟ್ಟಳು. ಫೋನು ದಿಂಬಿನ ಮೇಲಿತ್ತು.

“ಆ ರೂಮು,” ಅಂದ ಅವನು. “ಖಾಲಿ ಇದೆಯಂತಾ?”

“ಇದೆಯಂತೆ. ಕಿಟಕಿ ಬೀದಿ ಕಡೆಗೆ. ಬೆಳಕು ಚೆನ್ನಾಗಿದೆಯಂತೆ.” ಇನ್ನೊಂದು ಅಂಗಿ ಎತ್ತಿಕೊಂಡಳು.

“ನೀನು ಏನೋ ಹೇಳ್ತಿದ್ದೆ. ಹೇಳೋಕೆ ಅಂತಾನೇ ಮಾಡ್ದೆ ಅಂದ್ಯಲ್ಲ.”

“ಹೇಳ್ತಿದ್ದೆ.”

“ಏನು?”

“ಬರ್ತೀನಿ ಅಂತ್ಲೋ ಬರಲ್ಲ ಅಂತ್ಲೋ? ಯಾವುದೋ ಒಂದು.” ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಿದ್ದಳು. “ಅಷ್ಟರಲ್ಲಿ ಲೈನ್ ಕಿತ್ತುಬಿಟ್ರು ಕಣಪ್ಪ. ಅವಳು ಪಾಪ ಆ ತುದೀಲಿ ಫೋನ್ ಕಿವಿಗಿಟ್ಕೊಂಡು ಕೂತಿದ್ಲೋ ಏನೋ.”

“ಅಕ್ಕ. ನಂಗೆ ಗೊತ್ತಾಗ್ಬೇಕು.”

ಅಕ್ಕ ಅಂಗಿಯನ್ನು ತೊಡೆಯ ಮೇಲಿಟ್ಟು ಮೊದಲ ಸಲ ಅವನ ಕಡೆ ನೋಡಿದಳು. ಕನ್ನಡಕ ಕೊರಳಲ್ಲಿ ತೂಗುತ್ತಿತ್ತು, ಅವನು ಅವಳಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದನೋ ತಿಳಿಯದು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಬೋರ್ಡಿನ ಮುಂದಿನ ದನಿಯಲ್ಲಿ, “ಯಾವ ಕಾಲ್?” ಅಂದಳು. “ಆರ್ಡಿನರಿನಾ, ಅರ್ಜೆಂಟಾ, ಲೈಟ್ನಿಂಗಾ?”

ಲೈಟ್ನಿಂಗ್ ಅಂದರೆ ಮಿಂಚಿನ ಹಾಗೆ, ಉಳಿದವರನ್ನೆಲ್ಲ ಹಿಂದೆ ನೂಕಿ ಲೈನು ಕೊಡಬೇಕು. ಬೋರ್ಡಿನ ಕೆಳಗೆ ಕೂತಿದ್ದ ಕಾಲದಲ್ಲೇ ಅವನಿಗೆ ಅದು ಗೊತ್ತಿತ್ತು. ದೊಡ್ಡವನಾದ ಮೇಲೆ ನಾನು ಯಾವಾಗಲೂ ಲೈಟ್ನಿಂಗೇ ಮಾಡುತ್ತೇನೆ ಎಂದು ಅವಳ ಕಾಲಿಗೆ ಒರಗಿ ಹೇಳಿದ್ದ. ಈಗಲೂ ಆ ಪದ ನಾಲಿಗೆಯ ತುದಿಯವರೆಗೆ ಬಂತು.

“ಆರ್ಡಿನರಿ,” ಅಂದ.

“ಹಾಗಾದ್ರೆ ಕಾಯ್ಬೇಕಾಗುತ್ತೆ.”

ಆ ಕೋಣೆಯಲ್ಲಿ ಎರಡನೆಯ ಕುರ್ಚಿ ಇರಲಿಲ್ಲ. ಇಲ್ಲವೆಂಬುದನ್ನು ಅವನು ಇವತ್ತೇ ನೋಡಿದ್ದು. ಗೋಡೆಗೆ ಒರಗಿ ಮೆಲ್ಲಗೆ ಕುಸಿದು, ಮಂಚದ ಪಕ್ಕದ ನೆಲದಲ್ಲಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತ. ಹೊಟ್ಟೆ ಬಂದಿದ್ದರಿಂದ ಮೊದಲಿನಷ್ಟು ಒತ್ತಲಾಗಲಿಲ್ಲ. ಗೋಡೆಯ ಆಚೆ ಮಷೀನು ಕೊನೆಯ ಸುತ್ತಿಗೆ ಬಂದು ಇಡೀ ನೆಲವನ್ನು ನಡುಗಿಸತೊಡಗಿತು. ಅಕ್ಕ ಮಡಚುತ್ತಲೇ ಇದ್ದಳು. ಅವಳ ಚಪ್ಪಲಿ ಅವನ ಕೈಗೆ ಎಟಕುವಷ್ಟು ದೂರದಲ್ಲಿತ್ತು. ಬೆರಳು ಚಾಚಿದ, ಮುಟ್ಟುವ ಧೈರ್ಯವಾಗದೆ ಅಲ್ಲೇ ನೆಲದ ಮೇಲಿಟ್ಟ.

“ಲೈನ್‌ನಲ್ಲೇ ಇರು, ಕಪ್ಪೆ,” ಅಂದಳು ಅಕ್ಕ ಮೇಲಿನಿಂದ.